ಓಟು ಕೇಳೋಕೆ ಬಂದವರಿಗೆ ಇದನ್ನೂ ಕೇಳಿ

2024ರ ಏಪ್ರಿಲ್ 26, ಶುಕ್ರವಾರ. ಲೋಕಸಭೆಗೆ ಓಟು ಹಾಕಿ ಬಂದಾಗ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಅರ್ಧಕ್ಕರ್ಧ ಖಾಲಿ ಇತ್ತು. ಮೂರು ದಿನ ರಜೆ ಸಿಕ್ಕಿತ್ತು ನೋಡಿ, ಊರಿಗೆ ಹೋದವರು ಕೆಲವರು, ಚಿಕ್ಕಮಗಳೂರಿಗೆ ಹೋದವರು ಜಾಸ್ತಿ. ಆ ಸಲ ಬೆಂಗಳೂರು ದಕ್ಷಿಣದಲ್ಲಿ ಮತದಾನ ಶೇ. 53ರಷ್ಟು. ಅದೇ ದಿನ ನಮ್ಮ ಮಂಡ್ಯದಲ್ಲಿ ಶೇ. 81ಕ್ಕೂ ಜಾಸ್ತಿ. ಅಲ್ಲಿ ನಮ್ಮಮ್ಮ ಬಿಸಿಲೇರೋ ಮುಂಚೆಯೇ ಹೋಗಿ ಹಾಕಿ ಬಂದಿದ್ದರು.

ಹಾಕದವರನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಅವರಲ್ಲಿ ನನ್ನ ಗೆಳೆಯರೇ ಎಷ್ಟೋ ಜನ ಇದ್ದಾರೆ. "ನಮ್ಮ ವಿಷಯ ಯಾರೂ ಮಾತಾಡಲ್ಲ ಕಣೋ" ಅಂತಾರೆ. ಆಧಾರ್, ಡೇಟಾ, ಇಂಟರ್ನೆಟ್ ಬಂದ್ ಮಾಡೋದು, ಎಲ್ಲದರ ಬಗ್ಗೆಯೂ ಟೀ ಅಂಗಡಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ಒಬ್ಬ ಅಭ್ಯರ್ಥಿಗೂ ಫೋನ್ ಮಾಡಿ ಕೇಳಿದವರಲ್ಲ. ನಾನೂ ಕೇಳಿರಲಿಲ್ಲ.

ಕೇಳೋ ಹಾಗೆ ಮಾಡಿದ್ದು ಅಮ್ಮನ ಹೆಬ್ಬೆರಳು.

ಆ ವರ್ಷ ಯುಗಾದಿಗೆ ಊರಿಗೆ ಹೋದವನು ಹೊಸತೊಡಕು ಮುಗಿಸಿಕೊಂಡು ಅಮ್ಮನ ಜೊತೆ ರೇಷನ್ ತರೋಕೆ ಹೋದೆ. ಅಮ್ಮ ಸೆರಗಿನಲ್ಲಿ ಬೆರಳು ಒರೆಸಿಕೊಂಡು ಮಷಿನ್ ಮೇಲೆ ಇಟ್ಟರು. ಬರಲಿಲ್ಲ. ಇನ್ನೊಂದು ಬೆರಳು. ಅದೂ ಇಲ್ಲ. ನಲವತ್ತು ವರ್ಷ ಕಬ್ಬಿನ ಗದ್ದೆಯಲ್ಲಿ ದುಡಿದ ಕೈ, ಗೆರೆ ಎಲ್ಲಿ ಉಳಿದಿರುತ್ತೆ? ಒಟಿಪಿ ಬರಲಿ ಅಂದರೆ, ಆಧಾರ್‌ಗೆ ಕೊಟ್ಟಿದ್ದು ಅಪ್ಪನ ಹಳೇ ನಂಬರ್. ಆ ಸಿಮ್ ಬಂದ್ ಆಗಿ ಎಷ್ಟೋ ಕಾಲವಾಗಿದೆ. "ನಾಳೆ ಬಾವ್ವ, ಸರ್ವರ್ ಸರಿಯಿಲ್ಲ" ಅಂದರು ಅಂಗಡಿಯವರು. ಅಮ್ಮ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಸುಮ್ನೆ ಹೊರಟರು. ಹೀಗೆ ಆಗೋದು ಅವರಿಗೆ ಹೊಸದಲ್ಲ ಅಂತ ಆಗಲೇ ಗೊತ್ತಾಗಿದ್ದು.

ಬೆಂಗಳೂರಿಗೆ ಬಂದು ನನ್ನ ಕ್ಷೇತ್ರದ ಅಭ್ಯರ್ಥಿಗಳ ಅಫಿಡವಿಟ್ ತೆಗೆದೆ. ನಾಮಪತ್ರದ ಜೊತೆ ನಮೂನೆ 26 ಅಂತ ಒಂದು ಕೊಡಬೇಕು. ಯಾರ ಆಸ್ತಿ ಎಷ್ಟು, ಕೇಸ್ ಎಷ್ಟು ಅಂತ ಪೇಪರ್‌ನಲ್ಲಿ ಬರೋದೆಲ್ಲ ಅದನ್ನು ನೋಡಿಯೇ. ಫೋನ್ ನಂಬರ್, ಇಮೇಲ್ ಬರೆಯೋ ಜಾಗವೂ ಅದರಲ್ಲೇ ಇದೆ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೂವರಿಗೆ ಒಂದೇ ಪ್ರಶ್ನೆ ಕಳಿಸಿದೆ: ಬೆರಳಚ್ಚು ಬರದಿದ್ದರೆ ರೇಷನ್ ನಿಲ್ಲಬಾರದು ಅಂತ ನೀವು ಸಂಸತ್ತಿನಲ್ಲಿ ಕೇಳುತ್ತೀರಾ?

ಇಬ್ಬರ ಕಡೆಯಿಂದ ಉತ್ತರ ಇಲ್ಲ. ಒಬ್ಬರ ಕಚೇರಿಯ ಹುಡುಗ ಫೋನ್ ಮಾಡಿದ. "ಸಾರ್, ಎಲ್ರೂ ಕೇಳೋದು ಮೋರಿ, ನೀರು, ಟ್ರಾಫಿಕ್. ಇಂಥದ್ದು ಇದೇ ಮೊದಲು. ಬರ್ಕೊಂಡಿದೀನಿ" ಅಂದ. ಅವರ ಅಭ್ಯರ್ಥಿ ಏನು ಮಾಡುತ್ತಾರೋ ಅದು ಬೇರೆ ಮಾತು. "ಇದೇ ಮೊದಲು" ಅಂದನಲ್ಲ, ಅದು ಇನ್ನೂ ಕೊರೆಯುತ್ತಿದೆ. ಇಷ್ಟು ಲಕ್ಷ ಐಟಿ ಜನ ಇರೋ ಊರಿನಲ್ಲಿ!

ಇದೇ ಊರಿನಲ್ಲಿದ್ದವರು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೈಕೋರ್ಟಿನಿಂದ ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ, 86ನೇ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಆದರೆ ಆಮೇಲೆ ಕಾನೂನು ಮಾಡೋರು ಸಂಸದರೇ ಅಲ್ವಾ? ಡೇಟಾ ಸಂರಕ್ಷಣೆಯ ಮಸೂದೆ 2023ರ ಆಗಸ್ಟ್‌ನಲ್ಲಿ ಎರಡೂ ಸದನದಲ್ಲಿ ಧ್ವನಿಮತದಲ್ಲಿ ಪಾಸಾಯಿತು. ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆಯ 8(1)(ಜೆ) ಕಲಂ ತಿದ್ದಿದ್ದೂ ಅದರಲ್ಲೇ. ಸಾರ್ವಜನಿಕ ಹಿತಕ್ಕಾಗಿ ವೈಯಕ್ತಿಕ ಮಾಹಿತಿ ಕೊಡಬಹುದು ಅಂತ ಆ ಕಲಂನಲ್ಲಿ ಇದ್ದ ಮಾತು ಹೋಯಿತು. ರಾಜ್ಯದ 28 ಲೋಕಸಭಾ ಸಂಸದರಲ್ಲಿ ನಮ್ಮವರು ಅವತ್ತು ಏನು ಮಾತಾಡಿದರು ಅಂತ ನಾವು ಯಾರೂ ವಿಚಾರಿಸಲಿಲ್ಲ.

ಗೆಳೆಯರೇ, ಮುಂದಿನ ಸಲ ಕರಪತ್ರ ಹಿಡಿದು ಬಾಗಿಲಿಗೆ ಬಂದವರಿಗೆ ನೀರು ಕೊಡಿ, ಕೂರಿಸಿ, ಒಂದೇ ಒಂದು ಪ್ರಶ್ನೆ ಕೇಳಿ. ದೊಡ್ಡದಾಗಿ "ತಂತ್ರಜ್ಞಾನ ನೀತಿ" ಅನ್ನಬೇಡಿ, ಅವರಿಗೂ ಬೇಜಾರು. ನಿಮ್ಮ ಮನೆಯಲ್ಲೇ ಆಗಿದ್ದನ್ನು ಹೇಳಿ. ಅಜ್ಜಿಯ ಪಿಂಚಣಿ ನಿಂತಿದ್ದು, ಅಣ್ಣನ ಅಕೌಂಟಿಂದ ದುಡ್ಡು ಹೋಗಿದ್ದು. ಹೇಗೆ ಬರೆಯೋದು ಗೊತ್ತಾಗದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಭಾನುವಾರ ಬೆಳಗ್ಗೆ ನಾನು ಬಿಡುವಾಗಿರುತ್ತೇನೆ, ಕೂತು ಬರೆಯೋಣ.