ದನಕ್ಕೆ ಲಿಮಿಟ್ ಇಲ್ಲ, ಪೊಲೀಸ್ರಿಗುಂಟು

ಮಳೆಗಾಲದಲ್ಲಿ ರಾತ್ರಿ ಹೊತ್ತು ನಮ್ಮ ಹೆದ್ದಾರಿ 66ರಲ್ಲಿ ಗಾಡಿ ಓಡಿಸಿದವರಿಗೆಲ್ಲ ಗೊತ್ತು, ಗದ್ದೆ ಬೇಣ ಅಂಗಳ ಎಲ್ಲ ರಾಡಿ ಎದ್ದು ಹೋದ್ಮೇಲೆ ಇಡೀ ಊರಲ್ಲಿ ಕೆಸರಿಲ್ಲದ ಜಾಗ ಅಂತ ಉಳಿಯೋದು ಚತುಷ್ಪಥ ಒಂದೇ, ಹಾಗಾಗಿ ದನಗಳು ಸಂಸಾರ ಸಮೇತ ಅಲ್ಲೇ ಬಂದು ಕೂತು ಮೆಲುಕು ಹಾಕ್ತಾವೆ. ಟೋಲ್ ಮಾತ್ರ ನಾವು ಕೊಡೋದು.

ನಾನು ಕುಮಟಾದಿಂದ ಕಾರವಾರಕ್ಕೆ ವಾಪಸ್ ಬರ್ತಾ ಇದ್ದೆ. ಒಂದು ಹೊಳೆ ಸೇತುವೆ ಹತ್ರ (ಯಾವ ಹೊಳೆ ಅಂತ ಹೇಳೂದಿಲ್ಲ, ನಾಳೆ ಮತ್ತೆ ಅದೇ ದಾರೀಲಿ ಹೋಗ್ಬೇಕು) ಸ್ವಲ್ಪ ನಿಧಾನ ಮಾಡಿದ್ದೆ, ಯಾಕಂದ್ರೆ 2024ರ ಆಗಸ್ಟ್ 7ಕ್ಕೆ ನಡುರಾತ್ರೀಲಿ ಕಾಳಿ ನದಿ ಹಳೇ ಸೇತುವೆ ಲಾರಿ ಸಮೇತ ಕುಸಿದಾಗಿಂದ ನಂಗೆ ಸೇತುವೆ ಕಂಡ್ರೆ ಕಾಲು ತನ್ನಿಂದ್ತಾನೇ ಬ್ರೇಕಿಗೆ ಹೋಗ್ತದೆ. ಅಷ್ಟಾದ್ರೂ ಕರೀ ಡಾಂಬರಿನ ಮೇಲೆ ಕೂತ ಕರೀ ದನ ಕಾಣ್ಬೇಕಲ್ಲ. ಕಂಡಾಗ ಹತ್ತು ಮಾರು ದೂರ. ಸ್ಟೇರಿಂಗ್ ತಿರುಗಿಸಿದೆ, ಡಿವೈಡರ್‌ಗೆ ಗುದ್ದಿದೆ, ಹೆಡ್‌ಲೈಟ್ ಚೂರು, ಬಂಪರ್ ಅರ್ಧ ಕಳಚಿ ನೇತಾಡ್ತಾ ಇತ್ತು. ದನ ಎದ್ದು ನಿಂತು ಚೂರುಗಳನ್ನ ಒಮ್ಮೆ ಮೂಸಿ ನೋಡಿ ಮತ್ತೆ ಕೂತ್ಕೊಂಡ್ತು.

ಹಿಂದಿಂದ ಮೀನಿನ ಲಾರಿ ಬಂದ್ರೆ ಕತೆ ಮುಗೀತು ಅಂತ ಬಂಪರ್ ಎಳ್ಕೊಂಡೇ ಸೇತುವೆ ದಾಟಿಸಿ ಆಚೆ ಬದೀಲಿ ನಿಲ್ಲಿಸಿದೆ. ತಪ್ಪು ಮಾಡಿದ್ದು ಅಲ್ಲೇ.

ಇನ್ಶೂರೆನ್ಸ್ ಏಜೆಂಟು "ಸ್ಟೇಷನ್ನಿಂದ ಒಂದು ಕಾಗದ ಮಾಡಿಸ್ಕೊಂಡು ಬನ್ನಿ ಸಾಕು" ಅಂದ, ಬ್ಯಾಂಕಿಂದ ಚಲನ್ ತಗೊಂಬನ್ನಿ ಅನ್ನೋ ಹಾಗೆ. ನಾನೂ ಸುಮ್ನೆ ಕೂತವ ಅಲ್ಲ, 1988ರ ಮೋಟಾರು ವಾಹನ ಕಾಯ್ದೆ ತೆಗೆದು ಓದಿದೆ. ಕಲಂ 134, ಯಾರಿಗಾದ್ರೂ ಪೆಟ್ಟಾದ್ರೆ ಅಥ್ವಾ ಬೇರೆಯವರ ಆಸ್ತಿ ಹಾಳಾದ್ರೆ, ಅಲ್ಲಿ ಪೊಲೀಸರು ಇಲ್ದಿದ್ರೆ ಡ್ರೈವರ್ ಹತ್ತಿರದ ಠಾಣೆಗೆ ಹೋಗಿ 24 ಗಂಟೆಯೊಳಗೆ ತಿಳಿಸ್ಬೇಕು. ಡಿವೈಡರ್ ನಮ್ಮಪ್ಪಂದಲ್ಲ, ಹೋಗ್ಲೇಬೇಕು. 'ಹತ್ತಿರದ' ಅಂತ ಬರೆದವ್ರು ನಮ್ಮ ಹೊಳೆ ನೋಡಿದವ್ರಲ್ಲ ಅಂತ ಆಮೇಲೆ ಗೊತ್ತಾಯ್ತು.

ಮೊದಲ್ನೇ ಸ್ಟೇಷನ್. ರೈಟರ್ ಒಳ್ಳೆ ಮನುಷ್ಯ, ಕೂರಿಸಿ ಪೆನ್ನಿನ ಕ್ಯಾಪ್ ತೆಗೆದ್ರು.

"ಗುದ್ದಿದ್ದು ಎಲ್ಲಿ?"

"ಸೇತುವೆಗಿಂತ ಈಚೆ ಸರ್."

"ಗಾಡಿ ಎಲ್ಲುಂಟು?"

"ಸೇತುವೆ ಆಚೆ."

ಕ್ಯಾಪ್ ಮತ್ತೆ ಹಾಕಿದ್ರು. "ಹೊಳೆ ನಡುವಿಗೆ ನಮ್ಮ ಲಿಮಿಟ್ ಮುಗೀತದೆ ಮಾರಾಯ್ರೆ. ಗಾಡಿ ಇದ್ದಲ್ಲೇ ಕೇಳಿ."

ಗಾಡಿ ಇದ್ದಲ್ಲಿ ಕೇಳಿದೆ. "ಗಾಡಿ ನಮ್ಮಲ್ಲುಂಟು, ಆಕ್ಸಿಡೆಂಟ್ ಅವ್ರಲ್ಲುಂಟು" ಅಂದ್ರು. ನಾನು ವಕೀಲರ ಥರ ಗಂಟಲು ಸರಿ ಮಾಡ್ಕೊಂಡು, 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ನಾಗರಿಕ ಸುರಕ್ಷಾ ಸಂಹಿತೆ ಕಲಂ 173, ಅಪರಾಧ ಎಲ್ಲೇ ಆಗ್ಲಿ ಯಾವ ಠಾಣೇಲಾದ್ರೂ ಮಾಹಿತಿ ಕೊಡ್ಬಹುದು, ಝೀರೋ ಎಫ್ಐಆರ್ ಅಂತಾರೆ ಅಂದೆ. ಅವರು ಬೇಜಾರೇ ಮಾಡ್ಕೊಳ್ಲಿಲ್ಲ. "ಸತ್ತವ್ರಿಲ್ಲ, ಪೆಟ್ಟಾದವ್ರಿಲ್ಲ. ನಿಮ್ದು ಝೀರೋಗಿಂತ ಕೆಳಗಿಂದು" ಅಂದ್ರು.

"ಸರಿ, ಬರೀತೇನೆ ಅಂತ್ಲೇ ಇಟ್ಕೊಳ್ಳಿ, ಫಿರ್ಯಾದಿ ಯಾರು?"

"ನಾನು."

"ಆರೋಪಿ?"

"ದನ."

"ದನದ ಯಜಮಾನ?"

ಅದೇ ಕಷ್ಟ. ನಮ್ಮಲ್ಲಿ ಬದುಕಿದ ದನಕ್ಕೆ ರಸ್ತೆ ಮೇಲೆ ಯಜಮಾನ ಇರೂದಿಲ್ಲ, ಸತ್ರೆ ಐದು ನಿಮಿಷಕ್ಕೆ ನಾಲ್ಕು ಜನ ಹುಟ್ಕೊಳ್ತಾರೆ.

"ಹಾಗಾದ್ರೆ ನ್ಯಾಯ ಸಂಹಿತೆ 281, ಅಡ್ಡಾದಿಡ್ಡಿ ಚಾಲನೆ. ಆರೋಪಿ ನೀವೇ. ಬರೀಲಾ?"

ಮನೇಲಿ ಬಾವ ಬನ್ಸ್ ತಿನ್ತಾ ಕೂತಿದ್ದ. ಹೋದ ವರ್ಷ ಯಾರದೋ ಕಂಪೌಂಡ್ ಗೋಡೆ ಕೆಡವಿ ಹಿಂದೆ ತಿರುಗಿ ನೋಡ್ದೇ ಬಂದವ, ಇವತ್ತಿಗೂ ಸುಖವಾಗಿದ್ದಾನೆ. "ನೀನು ಎಂತಕ್ಕೆ ಹೇಳ್ಲಿಕ್ಕೆ ಹೋದೆ?" ಅಂತ ನಿಜವಾಗ್ಲೂ ಆಶ್ಚರ್ಯಪಟ್ಟು ಕೇಳಿದ.

ಎರಡು ದಿನ ಹೊಳೆ ಈಚೆ ಆಚೆ ತಿರುಗಿ, ಮೂರ್ನೇ ದಿನ ಯಾರೋ ಪರಿಚಯದವ್ರು ಯಾರಿಗೋ ಫೋನ್ ಮಾಡಿದ್ಮೇಲೆ ಆಚೆ ಸ್ಟೇಷನ್ನವ್ರು ಬರೀಲಿಕ್ಕೆ ಒಪ್ಪಿದ್ರು. ಮೊದಲ್ನೇ ಪ್ರಶ್ನೆ, "24 ಗಂಟೆ ಒಳಗೆ ಬರ್ಬೇಕಿತ್ತಲ್ಲ, ಲೇಟ್ ಎಂತಕ್ಕೆ?" ಅದಕ್ಕೂ ಒಂದು ಕಾರಣ ಅವ್ರೇ ಹೇಳ್ಕೊಟ್ರು, ನಂಗೆ ಎರಡು ದಿನ ಜ್ವರ ಬಂದಿತ್ತಂತೆ. ಲಿಮಿಟ್ ತಕರಾರು ಬೇಡ ಅಂತ ಘಟನಾ ಸ್ಥಳಾನೂ ಎತ್ತಿ ಹೊಳೆ ದಾಟಿಸಿ ಎರಡು ಕಿಲೋಮೀಟರ್ ಮುಂದೆ ಇಟ್ರು. ದನ ಇದ್ರೆ ಯಜಮಾನನ ಪ್ರಶ್ನೆ ಬರ್ತದೆ, ಅದನ್ನ ತೆಗೆದು "ಮಳೆಯಿಂದ ದಾರಿ ಕಾಣದೆ" ಅಂತ ಹಾಕಿದ್ರು. ಓದಿ ಸಹಿ ಹಾಕಿದೆ. ನನ್ನ ಕಾರು ಬಿಟ್ರೆ ಅದರಲ್ಲಿ ನಂದು ಅಂತ ಎಂತದೂ ಇರ್ಲಿಲ್ಲ.

ಇನ್ಶೂರೆನ್ಸ್ ಸರ್ವೇಯರ್ ಪಾಪ ನಿಯತ್ತಿನ ಹುಡುಗ, ಕಾಗದ ಹಿಡ್ಕೊಂಡು ಆ ಜಾಗಕ್ಕೇ ಹೋಗಿ ಮಳೇಲಿ ನಿಂತು ಫೋನ್ ಮಾಡಿದ.

"ಸರ್, ನೀವು ಡಿವೈಡರ್‌ಗೆ ಗುದ್ದಿದ್ದು ಅಂತುಂಟು. ಇಲ್ಲಿ ಇನ್ನೂ ಕಾಮಗಾರಿ ನಡೀತಾ ಉಂಟು, ಡಿವೈಡರೇ ಇಲ್ವಲ್ಲ."

ನಾನು ಸುಮ್ನಾದೆ.

"ಇದೊಂದು ಸ್ಟೇಷನ್ನಲ್ಲಿ ಸರಿ ಮಾಡಿಸ್ಕೊಂಡು ಬನ್ನಿ ಸರ್, ಐದು ನಿಮಿಷದ ಕೆಲ್ಸ."