ಕಾಗದವೂ ಇರಲಿ, ಅಜ್ಜಿಯೂ ಇರಲಿ

ವಿಚ್ಛೇದನದ ನಂತರ ಮಗು ಸಾಕುವ ವಿಷಯದಲ್ಲಿ ಇಂಗ್ಲೆಂಡಿನವರಿಗೆ ಕಾಗದ (ಕೋರ್ಟಿನ ಆದೇಶ, ಬರೆದ ಒಪ್ಪಂದ) ಗಟ್ಟಿ, ನಮ್ಮವರಿಗೆ ತವರುಮನೆ ಗಟ್ಟಿ. ಒಂಟಿ ತಾಯಿಗೆ ಎರಡೂ ಬೇಕು ಅನ್ನುವುದು ನನ್ನ ವಾದ.

'ಮಗು ಯಾರ ವಶ' ಎಂಬ ಭಾಷೆಯನ್ನು ಇಲ್ಲಿ, ಇಂಗ್ಲೆಂಡಿನಲ್ಲಿ, 1989ರ ಮಕ್ಕಳ ಕಾಯ್ದೆಯೇ ಕೈಬಿಟ್ಟಿತು. ಜಗಳ ಕೋರ್ಟಿಗೆ ಹೋದರೂ 2014ರಿಂದ ಆದೇಶದಲ್ಲಿ ಇರುವುದು ಮಗು ಯಾರ ಜೊತೆ ಇರುತ್ತದೆ, ಯಾರ ಜೊತೆ ಯಾವಾಗ ಕಾಲ ಕಳೆಯುತ್ತದೆ ಎಂಬುದಷ್ಟೇ. ನಮ್ಮಲ್ಲಿ ಇನ್ನೂ 'ಕಸ್ಟಡಿ ಯಾರಿಗೆ ಸಿಕ್ತು?' ಅಂತಾರೆ, ಸೈಟು ಸಿಕ್ತಾ ಎಂದು ಕೇಳಿದ ಹಾಗೆ.

ಇಲ್ಲಿನವರಿಂದ ಕಲಿಯಬೇಕಾದ್ದು ಮಗು ಒಪ್ಪಿಸುವ ರೀತಿ. ಶುಕ್ರವಾರ ಅಪ್ಪ ಶಾಲೆಯಿಂದಲೇ ಕರೆದೊಯ್ದು ಸೋಮವಾರ ಶಾಲೆಗೇ ಬಿಟ್ಟರೆ, ಹೊಸ್ತಿಲಲ್ಲಿ ಇಬ್ಬರ ಮುಖ ನೋಡಿ ಮಗು ಗಾಳಿ ಅಳೆಯಬೇಕಿಲ್ಲ. ಎರಡೂ ಮನೆಯಲ್ಲಿ ಬ್ರಷ್, ಪೈಜಾಮ, ಒಂದು ಜೊತೆ ಯೂನಿಫಾರ್ಮ್ ಇರಲಿ. ಕೆಡುವುದು 'ಸ್ವಿಮ್ಮಿಂಗ್ ಫೀಸು ಕೊಡೋಕೆ ಅಪ್ಪಂಗೆ ಹೇಳು' ಎಂದು ಮಗುವನ್ನೇ ಅಂಚೆಯಣ್ಣ ಮಾಡಿದಾಗ. ಆ ಮಾತು ಇಮೇಲಿನಲ್ಲಿ ಹೋಗಬೇಕು. (ಹೊಡೆತ, ಬೆದರಿಕೆ ಇದ್ದ ಸಂಸಾರಕ್ಕೆ ಈ ಲೆಕ್ಕ ಹೊಂದುವುದಿಲ್ಲ.)

ಸೋಮವಾರ ಸಂಜೆ ಮಗು ಸಿಡಿಮಿಡಿಗುಟ್ಟುತ್ತದೆ. ಅಪ್ಪ ತಲೆ ಕೆಡಿಸಿರಬೇಕೆಂದೇನಿಲ್ಲ, ಒಂದು ಮನೆಯ ಕಟ್ಟುಪಾಡಿನಿಂದ ಇನ್ನೊಂದಕ್ಕೆ ಹೊಂದಿಕೊಳ್ಳುವ ದಣಿವೂ ಇರುತ್ತದೆ. ಅರ್ಧ ಗಂಟೆ ಪ್ರಶ್ನೆ ಬೇಡ. ಅನ್ನ ಸಾರು ಬಡಿಸಿ ಪಕ್ಕದಲ್ಲಿ ಕೂತರೆ ಸಾಕು. ಸಿಟ್ಟು ಬಂದರೆ ಬಾಯಿ ತೆರೆಯುವ ಮುನ್ನ ಮೂರು ಉದ್ದನೆಯ ಉಸಿರು. ಕೂಗಾಡಿಯೇ ಬಿಟ್ಟರೆ ಮಲಗುವ ಮುಂಚೆ 'ನಾನು ಕೂಗಿದ್ದು ತಪ್ಪು ಪುಟ್ಟಾ' ಎನ್ನುವುದು. ಮೈಂಡ್‌ಫುಲ್ ಪೇರೆಂಟಿಂಗ್ (ದುಡುಕದೆ, ಗಮನವಿಟ್ಟು ಮಗು ಸಾಕುವುದು) ಎಂಬ ದೊಡ್ಡ ಹೆಸರಿನ ಒಳಗೆ ದಿನನಿತ್ಯಕ್ಕೆ ಒದಗುವುದು ಇಷ್ಟೇ.

ಇಲ್ಲಿ ತಾಯಿಗೆ ಜ್ವರ ಬಂದರೆ ಮಗುವಿಗೆ ಬ್ರೆಡ್ಡೇ ಗತಿ. ಹಾಸನದಲ್ಲಾದರೆ ಅಜ್ಜಿ, ಸೋದರಮಾವ, ಚಿಕ್ಕಮ್ಮ ಇರುತ್ತಾರೆ. ಸಣ್ಣ ಬಲವಲ್ಲ ಅದು. ಆದರೆ ಅದೇ ಮನೆಯಲ್ಲಿ 'ಅಪ್ಪ ದುಬೈಗೆ ಹೋಗಿದಾರೆ' ಎಂಬ ಸುಳ್ಳೂ ಹುಟ್ಟುತ್ತದೆ. ಏಳು ವರ್ಷದ ಹುಡುಗನಿಗೆ 'ಇನ್ಮೇಲೆ ಮನೆಗೆ ಗಂಡಸು ನೀನೇ ಕಣೋ' ಎಂದು ಪಟ್ಟ ಕಟ್ಟುತ್ತಾರೆ. ಆಮೇಲೆ ಅವನು ರಾತ್ರಿ ಅಮ್ಮ ಅಳುತ್ತಾಳೇನೋ ಎಂದು ಕಿವಿಗೊಟ್ಟು ಮಲಗುತ್ತಾನೆ. ಹೇಳಬೇಕಾದ್ದು ಮೂರೇ ಮಾತು: 'ಅಪ್ಪ, ಅಮ್ಮ ಇನ್ನು ಬೇರೆ ಬೇರೆ ಮನೇಲಿ ಇರ್ತೀವಿ. ಇದು ನಿನ್ನಿಂದ ಆದದ್ದಲ್ಲ. ಶನಿವಾರ ಅಪ್ಪನ್ನ ನೋಡ್ತೀಯ.' ಇದೇ ಮಾತನ್ನು ಮೊದಲು ಅಜ್ಜಿಗೆ ಬಾಯಿಪಾಠ ಮಾಡಿಸಬೇಕು.

ಊರಿಗೆ ಹೋಗುವಾಗ ಕಾಗದ ಮತ್ತೆ ಬೇಕಾಗುತ್ತದೆ. ಇಲ್ಲಿನ ಶಾಲೆಗಳ ಬೇಸಿಗೆ ರಜೆ ಸುಮಾರು ಆರು ವಾರ; ಮಗು ತಾಯಿಯ ಜೊತೆ ಇರಬೇಕೆಂಬ ಆದೇಶವಿದ್ದರೂ ತಂದೆಯ ಒಪ್ಪಿಗೆಯಿಲ್ಲದೆ ಹೊರದೇಶಕ್ಕೆ ಕರೆದೊಯ್ಯಬಹುದಾದ್ದು 28 ದಿನ. ಆದೇಶವೇ ಇಲ್ಲದಿದ್ದರೆ ಸಾಮಾನ್ಯವಾಗಿ ಮೊದಲ ದಿನಕ್ಕೂ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದೆ ಬೇರೆ ದೇಶಕ್ಕೆ ಒಯ್ದ ಮಗುವನ್ನು ಮರಳಿಸುವ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಮಗು ವಾಪಸ್ ಬರದೇ ಹೋದೀತೆಂಬ ತಂದೆಯ ಅಳುಕು ಬುಡವಿಲ್ಲದ್ದಲ್ಲ. ಹೋಗಿಬರುವ ತಾರೀಖು, ವಾಪಸ್ ಟಿಕೆಟ್, ಅಜ್ಜಿಮನೆ ವಿಳಾಸ ಬರೆದು ಸಹಿ ಪಡೆಯಿರಿ. ವಿಡಿಯೊ ಕರೆಯ ಹೊತ್ತನ್ನೂ ಅದರಲ್ಲೇ ಸೇರಿಸಿ, ಶನಿವಾರವೋ ಭಾನುವಾರವೋ ಇರಲಿ: ಹಾಸನದ ರಾತ್ರಿ ಎಂಟೆಂದರೆ ಲಂಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ, ವಾರದ ದಿನವಾದರೆ ಅಪ್ಪ ಇನ್ನೂ ಆಫೀಸಿನಲ್ಲಿರುತ್ತಾರೆ.