ಖಾಲಿ ಸೈಟಿನಲ್ಲಿ ಮಂಡಿಯೂರುವ ಕ್ರಮ

ಮಳೆಗಾಲ ಮುಗಿಯುವ ಹೊತ್ತಿಗೆ ತುಮಕೂರಿನ ಬಡಾವಣೆಗಳ ಖಾಲಿ ಸೈಟುಗಳಲ್ಲಿ ಮಾಲೀಕರ ಬೋರ್ಡು ಮುಚ್ಚುವಷ್ಟು ಕಳೆ ಬೆಳೆದಿರುತ್ತದೆ. ಬಿಸಿಲೇರಿದ ಮೇಲೆ ಅಲ್ಲಿ ಬಿಳಿ ಚಿಟ್ಟೆಯಂಥದ್ದೊಂದು ಎದ್ದು, ನಾಲ್ಕು ಮಾರು ಹಾರಿ, ಹುಲ್ಲಿಗೆ ಬಿದ್ದು ಮಾಯವಾಯಿತೇ? ಅದು ಯುಟೆಥೈಸಾ ಪುಲ್ಚೆಲ್ಲಾ, ಹಗಲಲ್ಲೂ ಹಾರುವ ಪತಂಗ. ಜೀವಿಗಳಿಗೆ ಹೆಸರಿಡುತ್ತ ಹೋದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲೇ ಇದನ್ನು ಲೆಕ್ಕಕ್ಕೆ ಹಿಡಿದಿದ್ದಾನೆ. ನಮ್ಮವರು ಇನ್ನೂ ಬಿಳಿ ಚಿಟ್ಟೆ ಎಂದೇ ಅಟ್ಟಿಸಿಕೊಂಡು ಹೋಗುತ್ತಾರೆ.

ಅಟ್ಟಿಸಬಾರದು. ಹಾರುವಾಗ ಕಾಣುವುದು ಬಿಳುಪು ಮಾತ್ರ. ಮುಂರೆಕ್ಕೆಯ ಕೆಂಪು, ಕಪ್ಪು ಚುಕ್ಕೆಗಳ ಸಾಲು ಕಾಣಬೇಕಾದರೆ ಅದು ಕೂರಬೇಕು. ಕೂತೊಡನೆ ರೆಕ್ಕೆಯನ್ನು ಬೀಡಿಯಂತೆ ಮೈಗೆ ಸುತ್ತಿಕೊಳ್ಳುವುದರಿಂದ ಅಗಲವಾದದ್ದನ್ನು ಹುಡುಕುವ ಕಣ್ಣಿಗೆ ಸಿಗುವುದಿಲ್ಲ. ಬಿದ್ದ ಜಾಗದ ಮೇಲೇ ಕಣ್ಣಿಟ್ಟು, ನೆರಳು ಅದರ ಮೇಲೆ ಬೀಳದಂತೆ ಸುತ್ತಿ ಬಂದು, ಎರಡಡಿ ದೂರದಲ್ಲಿ ಮಂಡಿಯೂರಿ. ಫೋಟೊಗೆಂದು ಫೋನನ್ನು ಅದರ ಮೂಗಿಗೆ ತಾಗಿಸಬೇಡಿ, ಜೂಮ್ ಎರಡಕ್ಕಿಡಿ. ಫೋಕಸ್ ಹೇಗಿದ್ದರೂ ಮುಂದಿನ ಗರಿಕೆಯ ಮೇಲೇ ಕೂರುತ್ತದೆ. ಪತಂಗದ ಮೇಲೆ ಬೆರಳೊತ್ತಿ ಸರಿಪಡಿಸಿ.

ಅಷ್ಟರಲ್ಲಿ ಮಂಡಿಗೆ ನೆಗ್ಗಿಲುಮುಳ್ಳು, ಪ್ಯಾಂಟಿಗೆ ಉತ್ತರಾಣಿ, ಮೂಗಿಗೆ ಕಾಂಗ್ರೆಸ್ ಗಿಡ. ಒಂದು ಸೀನಿಗೆ ಬೆಳಗಿನ ಶ್ರಮವೆಲ್ಲ ಹಾರಿಹೋಗುತ್ತದೆ. ಅಳತೆ ತೋರಿಸಲೆಂದು ಟೇಪು ಹಿಡಿದು ಹೋಗುವುದಂತೂ ಬೇಡವೇ ಬೇಡ. ರೆಕ್ಕೆಯ ಹರವು ಮೂರರಿಂದ ನಾಲ್ಕು ಸೆಂಟಿಮೀಟರ್, ಅಷ್ಟು ಗೊತ್ತಿದ್ದರೆ ಸಾಕು. ಟೇಪು ಕಂಡರೆ ಎದುರುಮನೆಯವರು ಸೈಟಿನ ಮಾಲೀಕನಿಗೆ ಫೋನ್ ಹಚ್ಚುತ್ತಾರೆ. ಆತ ಖಾತೆ ಕಂದಾಯದ ಕಾಗದಗಳ ಸಮೇತ ಪ್ರತ್ಯಕ್ಷನಾಗುತ್ತಾನೆ. ಪತಂಗ ನೋಡುತ್ತಿದ್ದೆ ಎಂದರೆ ಅನುಮಾನ ಇನ್ನೂ ಗಟ್ಟಿ.

ಇಷ್ಟು ಎದ್ದು ಕಾಣುವ ಬಣ್ಣ ಹೊತ್ತು ಹಗಲಲ್ಲಿ ಓಡಾಡುವ ಧೈರ್ಯ ಅದಕ್ಕೆ ವಿಷದಿಂದ ಬಂದದ್ದು. ಇದರ ಹುಳು ಗಿಜಿಗಿಜಿ ಗಿಡ, ಚೇಳುಕೊಂಡಿ ಗಿಡಗಳನ್ನು ಮೇದು ಅವುಗಳಲ್ಲಿನ ಆಲ್ಕಲಾಯ್ಡ್ ಎಂಬ ಕಹಿ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಹುಳು ಪತಂಗವಾದರೂ ವಿಷ ಉಳಿಯುತ್ತದೆ. ಅಮೆರಿಕದಲ್ಲಿರುವ ಇದರ ದಾಯಾದಿ ಬಲೆಗೆ ಬಿದ್ದರೆ ಜೇಡವೇ ಎಳೆ ಕತ್ತರಿಸಿ ಬಿಟ್ಟುಬಿಡುತ್ತದೆ. ಅಂಥ ಮರ್ಯಾದೆ ಸೈಟಿನಲ್ಲಿ ಮಂಡಿಯೂರಿದವರಿಗೆ ಸಿಗುವುದಿಲ್ಲ.

ಅಪ್ಸೆಣಬು ಬೆಳೆಯುವವರಿಗೆ ಈ ಹುಳು ಬೇಡದ ನೆಂಟ, ಕಾಯಿ ಕೊರೆದು ಎಳೆಬೀಜ ತಿನ್ನುತ್ತದೆ. ಆದರೆ ಹಸಿರೆಲೆ ಗೊಬ್ಬರಕ್ಕೆಂದು ಹೂ ಬಿಡುವಾಗಲೇ ಉತ್ತುಬಿಡುವ ಹೊಲದಲ್ಲಿ ಕೊರೆಯಲು ಕಾಯಿಯೇ ಇರುವುದಿಲ್ಲ. ಔಷಧಿ ಹೊಡೆಯುವ ಆತುರ ಬೀಜಕ್ಕೆ ಬಿಟ್ಟವರಿಗಿರಲಿ.

ಮುಳ್ಳು, ಮಾಲೀಕ ಎರಡೂ ಬೇಡವೆನ್ನುವವರು ರಾತ್ರಿ ವರಾಂಡದ ಟ್ಯೂಬ್‌ಲೈಟ್ ಹಾಕಿಡಿ. ಹಗಲು ಹಾರಿದರೂ ಇದು ದೀಪದ ಚಟ ಬಿಟ್ಟಿಲ್ಲ. ಗೋಡೆಗೆ ಬಂದು ಕೂತರೆ ಲುಂಗಿಯಲ್ಲೇ ನಿಂತು ಫೋಟೊ ತೆಗೆಯಬಹುದು.